ಮನೆ ಕಂದಾಯದ ಲೆಕ್ಕ ಯಾರ ಕೈಯಲ್ಲಿ?

ಅದು 2000ನೇ ಇಸವಿ, ನಾನಾಗ ಏಳನೇ ಕ್ಲಾಸು. ಬೆಂಗಳೂರಿನ ವಿಜಯನಗರದಲ್ಲಿ ನಮ್ಮದು ಮೂವತ್ತು ನಲವತ್ತರ ಸೈಟಿನಲ್ಲಿ ಕಟ್ಟಿದ ಸಣ್ಣ ಮನೆ. ಒಂದು ಭಾನುವಾರ ಅಮ್ಮ ಪಕ್ಕದ ಮನೆಯಿಂದ ಉದ್ದನೆಯ ಅಳತೆ ಟೇಪು ತಂದು, ಒಂದು ತುದಿಯನ್ನು ನನ್ನ ಕೈಗೆ ಕೊಟ್ಟರು. "ಗೋಡೆಗೆ ಒತ್ತಿ ಹಿಡ್ಕೋ ಪುಟ್ಟಿ. ಒಂದಡಿ ಹೆಚ್ಚೂ ಆಗ್ಬಾರ್ದು, ಕಮ್ಮೀನೂ ಆಗ್ಬಾರ್ದು" ಅಂದರು. ನಡುಮನೆ, ಅಡುಗೆಮನೆ, ರೂಮು ಎಲ್ಲ ಅಳೆದು, ನನ್ನ ಲೆಕ್ಕದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡರು. ಒಟ್ಟು ಎಂಟೂವರೆ ಚದರ ಬಂತು.

ಅಪ್ಪ ತೀರಿಕೊಂಡು ಆಗ ಎರಡು ವರ್ಷ. ಫ್ಯಾಮಿಲಿ ಪೆನ್ಷನ್ ಮತ್ತು ಹಿಂದಿನ ರೂಮಿನ ಬಾಡಿಗೆಯಲ್ಲಿ ಮನೆ ನಡೆಯುತ್ತಿತ್ತು. ಅಪ್ಪ ಇದ್ದಾಗ ಮನೆ ಕಂದಾಯದ ವಿಷಯ ಅಮ್ಮನಿಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದದ್ದು ಒಂದೇ: ಆ ಕಾಗದ ಬಂದಾಗ ಅಪ್ಪನ ಮುಖ ಸ್ವಲ್ಪ ಗಂಭೀರವಾಗುತ್ತಿತ್ತು. ಈಗ ಪಾಲಿಕೆಯವರು ಹೊಸದೊಂದು ಪದ್ಧತಿ ತಂದಿದ್ದರು. ನಿಮ್ಮ ಮನೆಯನ್ನು ನೀವೇ ಅಳೆದು, ನೀವೇ ಲೆಕ್ಕ ಹಾಕಿ, ನೀವೇ ಕಟ್ಟಿ ಎನ್ನುವುದು ಅದರ ಸಾರ. ಪಕ್ಕದ ಮನೆಯ ಮೇಷ್ಟ್ರು ಮಾತ್ರ ಎಚ್ಚರಿಸಿದರು: "ನೋಡಮ್ಮ, ನಾವೇ ಬರ್ಕೊಟ್ಟು ನಾವೇ ಸಿಕ್ಕಿಹಾಕ್ಕೊಳ್ಳೋದು ಬೇಡ. ಹಳೇ ರೀತೀಲೇ ಇರೋಣ."

ಅಮ್ಮ ಯಾಕೆ ಅವರ ಮಾತು ಕೇಳಲಿಲ್ಲ ಎಂಬುದು ನನಗೆ ಅರ್ಥವಾಗಿದ್ದು ಇಪ್ಪತ್ತು ವರ್ಷಗಳ ಮೇಲೆ, ದೆಹಲಿಯಲ್ಲಿ ನನ್ನದೇ ಹೆಸರಿನಲ್ಲಿ ಒಂದು ಫ್ಲಾಟ್ ಆದಾಗ. ಆಗ ಈ ತೆರಿಗೆಯ ಇತಿಹಾಸವನ್ನು ಹುಡುಕಿ ಓದತೊಡಗಿದೆ. ಓದುತ್ತಾ ಹೋದಂತೆ ತಿಳಿದದ್ದು, ಇದು ಬರೀ ಹಣದ ಕಥೆಯಲ್ಲ. ಮನೆಯೊಂದಿದ್ದು ಕೈಯಲ್ಲಿ ಹೆಚ್ಚು ಕಾಸಿಲ್ಲದವರು, "ಮುಂದಿನ ವರ್ಷ ಎಷ್ಟು ಬರುತ್ತೋ" ಎಂಬ ಭಯವಿಲ್ಲದೆ ಬದುಕುವ ಹಕ್ಕನ್ನು ಕೇಳಿದ ಕಥೆ. ಅಂಥವರಲ್ಲಿ ನಮ್ಮಮ್ಮನಂಥ ಹೆಂಗಸರು ಬಹಳ. ಹಾಗಾಗಿಯೇ ನಮ್ಮ ಮಹಿಳಾ ವೇದಿಕೆಯ ಈ ಸಂಚಿಕೆಗೆ ಇದನ್ನು ಬರೆಯುತ್ತಿದ್ದೇನೆ.

ಇಲ್ಲದ ಬಾಡಿಗೆದಾರನ ಬಾಡಿಗೆ

ಬ್ರಿಟಿಷರ ಕಾಲದಿಂದ ನಮ್ಮ ನಗರಗಳಲ್ಲಿ ಮನೆ ಕಂದಾಯಕ್ಕೆ ಆಧಾರವಾಗಿದ್ದದ್ದು 'ವಾರ್ಷಿಕ ಬಾಡಿಗೆ ಮೌಲ್ಯ'. ಈ ಮನೆಯನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ನ್ಯಾಯವಾಗಿ ಎಷ್ಟು ಬಾಡಿಗೆ ನಿರೀಕ್ಷಿಸಬಹುದು ಎಂದು ಅಂದಾಜು ಮಾಡಿ, ಅದರಲ್ಲಿ ಇಂತಿಷ್ಟು ಶೇಕಡಾ ತೆರಿಗೆ ಹಾಕುವುದು. ಈ ಕಲ್ಪನೆ ಇಂಗ್ಲೆಂಡಿನಿಂದ ಬಂದದ್ದು. 1911ರ ಪಂಜಾಬ್ ಮುನಿಸಿಪಲ್ ಕಾಯ್ದೆಯಲ್ಲಿ, 1957ರ ದೆಹಲಿ ನಗರಪಾಲಿಕೆ ಕಾಯ್ದೆಯಲ್ಲಿ, ನಮ್ಮ ಕರ್ನಾಟಕದ ಕಾಯ್ದೆಯಲ್ಲೂ ಹೆಚ್ಚುಕಡಿಮೆ ಇದೇ ಮಾತಿತ್ತು.

ಕೇಳಲು ಸರಳ. ಆದರೆ ಮನೆಯಲ್ಲಿ ನಾವೇ ಇದ್ದರೆ? ಆಗ ಅಲ್ಲಿ ಇಲ್ಲದ ಬಾಡಿಗೆದಾರನೊಬ್ಬನನ್ನು ಕಲ್ಪಿಸಿಕೊಳ್ಳಬೇಕು. ಅವನು ಎಷ್ಟು ಕೊಡುತ್ತಿದ್ದ ಎಂದು ಹೇಳುವವರು ಯಾರು? ಅಳೆಯಲು ಬಂದ ಅಧಿಕಾರಿ. ಒಬ್ಬರಿಗೆ ಐನೂರು ಎನಿಸಿದ್ದು ಇನ್ನೊಬ್ಬರಿಗೆ ಎಂಟುನೂರು ಎನಿಸಬಹುದು. ಇಬ್ಬರೂ ಪ್ರಾಮಾಣಿಕರೇ ಆಗಿದ್ದರೂ ಉತ್ತರ ಬೇರೆ ಬೇರೆ ಬರಬಹುದು. ನಾನು ಸಾಫ್ಟ್‌ವೇರ್ ಕೆಲಸದವಳು. ಒಂದೇ ಮಾಹಿತಿ ಕೊಟ್ಟರೆ ಪ್ರತಿ ಸಲವೂ ಒಂದೇ ಉತ್ತರ ಬರಬೇಕು ಎನ್ನುವುದು ನಮ್ಮ ವೃತ್ತಿಯ ಮೊದಲ ಪಾಠ. ಹಳೆಯ ಪದ್ಧತಿಯಲ್ಲಿ ಅದಕ್ಕೆ ಖಾತ್ರಿಯೇ ಇರಲಿಲ್ಲ. ಉತ್ತರ ಹೇಗೆ ಬಂತೆಂದು ಮನೆಯವರಿಗೆ ತಿಳಿಯುವ ದಾರಿಯೂ ಕಡಿಮೆ.

ಕೋರ್ಟಿನ ಮೆಟ್ಟಿಲೇರಿದವರು

ಈ ಅನಿಶ್ಚಿತತೆಗೆ ಮೊದಲ ದೊಡ್ಡ ಕಡಿವಾಣ ಬಿದ್ದದ್ದು 1961ರಲ್ಲಿ. ಆ ಮೊಕದ್ದಮೆಯಲ್ಲಿರುವುದು ಒಬ್ಬ ಹೆಂಗಸಿನ ಹೆಸರು ಎಂದು ಓದಿದಾಗ ನನಗೆ ಖುಷಿಯಾಯಿತು. ಕಲ್ಕತ್ತಾ ಕಾರ್ಪೊರೇಷನ್ ಮತ್ತು ಪದ್ಮಾ ದೇವಿ ಅವರ ನಡುವಿನ ಪ್ರಕರಣ ಅದು. ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ಒಂದು ಕಟ್ಟಡಕ್ಕೆ ಇಷ್ಟೇ ಬಾಡಿಗೆ ಎಂದು ನಿಗದಿಯಾಗಿದ್ದರೆ, ಅದಕ್ಕಿಂತ ಹೆಚ್ಚಿನ ಮೊತ್ತವನ್ನು ಬಾಡಿಗೆ ಮೌಲ್ಯವೆಂದು ಹಿಡಿದು ತೆರಿಗೆ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಕಾನೂನು ಯಾವ ಬಾಡಿಗೆಯನ್ನು ವಸೂಲಿ ಮಾಡಬೇಡ ಎನ್ನುತ್ತದೋ, ಅದನ್ನು ಮಾಲೀಕಳು 'ನ್ಯಾಯವಾಗಿ ನಿರೀಕ್ಷಿಸುವುದು' ಹೇಗೆ ಸಾಧ್ಯ ಎಂಬುದು ಅದರ ತರ್ಕ.

ಎರಡನೇ ಹೆಜ್ಜೆ ಇಟ್ಟದ್ದು ಆಂಧ್ರದ ಗುಂಟೂರು. ಅಲ್ಲಿ ತೆರಿಗೆ ಕಟ್ಟುವವರೆಲ್ಲ ಸೇರಿ ಗುಂಟೂರು ಟೌನ್ ರೇಟ್‌ಪೇಯರ್ಸ್ ಅಸೋಸಿಯೇಷನ್ ಎಂಬ ಸಂಘ ಮಾಡಿಕೊಂಡಿದ್ದರು. ಅವರ ಮತ್ತು ಅಲ್ಲಿನ ಪುರಸಭೆಯ ನಡುವಿನ ವ್ಯಾಜ್ಯದಲ್ಲಿ 1970ರಲ್ಲಿ ತೀರ್ಪು ಬಂತು. ಯಾವುದೋ ಮನೆಗೆ ಬಾಡಿಗೆ ಇನ್ನೂ ನಿಗದಿಯಾಗಿಲ್ಲ ಎಂದಮಾತ್ರಕ್ಕೆ ಮನಸ್ಸಿಗೆ ಬಂದಂತೆ ಮೌಲ್ಯ ಹಾಕುವಂತಿಲ್ಲ, ಬಾಡಿಗೆ ಕಾಯ್ದೆಯ ಸೂತ್ರಗಳನ್ನೇ ಅನುಸರಿಸಿ ಲೆಕ್ಕ ಹಾಕಬೇಕು ಎಂದಿತು ಕೋರ್ಟ್. ಬಿಡಿಬಿಡಿಯಾಗಿ ಗೊಣಗುವ ಬದಲು ಒಟ್ಟಾಗಿ ಪ್ರಶ್ನೆ ಕೇಳಿದ್ದಕ್ಕೆ ಸಿಕ್ಕ ಫಲ ಅದು.

ಆಮೇಲಿನ ಸರದಿ ನಾವಿರುವ ದೆಹಲಿಯದು. 1979ರ ಡಿಸೆಂಬರಿನಲ್ಲಿ ದಿವಾನ್ ದೌಲತ್ ರಾಯ್ ಕಪೂರ್ ಪ್ರಕರಣ, 1984ರಲ್ಲಿ ಡಾ. ಬಲ್ಬೀರ್ ಸಿಂಗ್ ಪ್ರಕರಣ. ಎರಡನೆಯದು ನಮ್ಮಂಥವರಿಗೆ ಮುಖ್ಯ, ಏಕೆಂದರೆ ಸ್ವಂತ ವಾಸದ ಮನೆಗಳ ಪ್ರಶ್ನೆ ಅದರಲ್ಲಿತ್ತು. ಸ್ವಂತಕ್ಕೆ ಇಟ್ಟುಕೊಂಡ ಮನೆಗೂ ಬಾಡಿಗೆ ಕಾಯ್ದೆಯ ಮಿತಿಯೇ ಅನ್ವಯ ಎಂದ ಕೋರ್ಟ್, ಇನ್ನೊಂದು ಸೂಕ್ಷ್ಮವನ್ನೂ ಗುರುತಿಸಿತು. ಒಂದೇ ಪ್ರದೇಶದಲ್ಲಿ ಒಂದೇ ಗಾತ್ರದ, ಒಂದೇ ಸೌಲಭ್ಯ ಪಡೆಯುವ ಎರಡು ಮನೆಗಳ ನಡುವೆ, ಒಂದು ಮೊದಲು ಕಟ್ಟಿದ್ದು ಇನ್ನೊಂದು ಆಮೇಲೆ ಕಟ್ಟಿದ್ದು ಎಂಬ ಕಾರಣಕ್ಕೆ ತೆರಿಗೆಯಲ್ಲಿ ಅಜಗಜಾಂತರ ಇರುವುದು ಸರಿಯಲ್ಲ ಎಂದಿತು.

ಗೆದ್ದರೂ ಬಗೆಹರಿಯದ್ದು

ಆ ಸೂಕ್ಷ್ಮದಲ್ಲೇ ಸಮಸ್ಯೆಯ ಇನ್ನೊಂದು ಮುಖ ಇತ್ತು. ಕೋರ್ಟಿನಲ್ಲಿ ಗೆದ್ದ ಮಾಲೀಕರಿಗೆ ನಿಶ್ಚಿತತೆ ಸಿಕ್ಕಿತು, ಸರಿ. ಆದರೆ ಎಲ್ಲರಿಗೂ ನ್ಯಾಯ ಸಿಗಲಿಲ್ಲ.

ಮುಂಬೈ ನೋಡಿ. 1947ರ ಬಾಡಿಗೆ ಕಾಯ್ದೆ ಅಲ್ಲಿ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರ ಮಟ್ಟಕ್ಕೆ ಕಟ್ಟಿಹಾಕಿತ್ತು. ತೆರಿಗೆ ಬಾಡಿಗೆಗೆ ಅಂಟಿಕೊಂಡಿದ್ದರಿಂದ ಅದೂ ಅಲ್ಲೇ ನಿಂತಿತು. ದಕ್ಷಿಣ ಮುಂಬೈನ ಹಳೆಯ ದೊಡ್ಡ ಮನೆಗೆ ಚಿಲ್ಲರೆ ತೆರಿಗೆ, ಉಪನಗರದಲ್ಲಿ ಸಾಲ ಮಾಡಿ ಕೊಂಡ ಹೊಸ ಸಣ್ಣ ಫ್ಲಾಟಿಗೆ ಅದಕ್ಕಿಂತ ಹೆಚ್ಚು. ದೆಹಲಿಯಲ್ಲೂ ಅಷ್ಟೆ. ನಿಗದಿತ ಬಾಡಿಗೆಯನ್ನು ಕಟ್ಟಡ ಶುರುವಾದ ಕಾಲದ ನಿವೇಶನದ ಬೆಲೆ ಮತ್ತು ಕಟ್ಟಿದ ಖರ್ಚಿನ ಮೇಲೆ ಲೆಕ್ಕ ಹಾಕುತ್ತಿದ್ದರು. ಹಾಗಾಗಿ ಒಂದೇ ಬೀದಿಯಲ್ಲಿ ಐವತ್ತರ ದಶಕದ ಬಂಗಲೆ ಕಡಿಮೆ ಕಟ್ಟುತ್ತಿತ್ತು, ಎಂಬತ್ತರ ದಶಕದ ಮನೆ ಹಲವು ಪಟ್ಟು ಹೆಚ್ಚು ಕಟ್ಟುತ್ತಿತ್ತು.

ಆದಾಯ ಸಾಲದಾದಾಗ ಪಾಲಿಕೆಗಳು ತೆರಿಗೆಯ ಶೇಕಡಾವಾರು ದರವನ್ನು ಏರಿಸುತ್ತಾ ಹೋದವು. ದರ ಏರಿದಷ್ಟೂ ಜನ ಮೌಲ್ಯವನ್ನು ತಗ್ಗಿಸಲು ಓಡಾಡಿದರು. ಓಡಾಡಲು ಆಗದವರು, ಕಚೇರಿಗೆ ಹೋಗಿ ಮಾತನಾಡಲು ಹಿಂಜರಿಯುವವರು, ಪೂರ್ತಿ ಭಾರ ಹೊತ್ತರು. ಒಂಟಿ ಹೆಂಗಸರು, ವಯಸ್ಸಾದವರು ಈ ಪಟ್ಟಿಯಲ್ಲಿ ಮೊದಲು ಬರುತ್ತಾರೆ ಎಂದು ಬೇರೆ ಹೇಳಬೇಕಿಲ್ಲ.

ಪಟ್ನಾ ತೋರಿಸಿದ ದಾರಿ

ಈ ಗೋಜಲಿಗೆ ಹೊಸ ದಾರಿ ಸಿಕ್ಕಿದ್ದು ಯಾರೂ ನಿರೀಕ್ಷಿಸದ ಊರಿನಲ್ಲಿ, ಬಿಹಾರದ ಪಟ್ನಾದಲ್ಲಿ, 1993ರಲ್ಲಿ. ಅಲ್ಲಿನ ಹೊಸ ನಿಯಮಗಳು ಪ್ರತಿ ಮನೆಗೂ ಬಾಡಿಗೆ ಊಹಿಸುವುದನ್ನು ಬಿಟ್ಟವು. ಬದಲಿಗೆ ಮೂರೇ ಪ್ರಶ್ನೆ. ಮನೆ ಯಾವ ಬಗೆಯ ರಸ್ತೆಯಲ್ಲಿದೆ: ಪ್ರಧಾನ ರಸ್ತೆಯೋ, ಮುಖ್ಯ ರಸ್ತೆಯೋ, ಬೇರೆ ರಸ್ತೆಯೋ? ಎಂಥ ಕಟ್ಟಡ: ತಾರಸಿಯೋ, ಶೀಟಿನದೋ, ಬೇರೆಯೋ? ಏತಕ್ಕೆ ಬಳಕೆ: ವಾಸಕ್ಕೋ, ವ್ಯಾಪಾರಕ್ಕೋ, ಬೇರೆ ಕೆಲಸಕ್ಕೋ? ಉತ್ತರಕ್ಕೆ ತಕ್ಕಂತೆ ಒಂದು ಚದರ ಅಡಿಗೆ ಇಷ್ಟು ಎಂಬ ಪಟ್ಟಿ. ಅದನ್ನು ವಿಸ್ತೀರ್ಣದಿಂದ ಗುಣಿಸಿದರೆ ಆಯಿತು. ಜೊತೆಗೆ ತೆರಿಗೆ ದರವನ್ನು ಶೇ. 9ಕ್ಕೆ ಇಳಿಸಿದರು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, 1995ರಲ್ಲಿ ಕೋರ್ಟ್ ಈ ನಿಯಮಗಳನ್ನು ಎತ್ತಿಹಿಡಿಯಿತು.

ಅಲ್ಲಿಗೆ ಲೆಕ್ಕ ಅಧಿಕಾರಿಯ ಮನಸ್ಸಿನಿಂದ ಹೊರಬಂದು ಕಾಗದದ ಮೇಲೆ ಬಂತು. ಪಟ್ಟಿ ಎಲ್ಲರಿಗೂ ಕಾಣುತ್ತದೆ, ಗುಣಾಕಾರ ಎಲ್ಲರಿಗೂ ಬರುತ್ತದೆ.

ಅಮ್ಮನ ಗುಣಾಕಾರ

ಬೆಂಗಳೂರಿಗೆ ಇದೇ ಬಗೆಯ ಆಲೋಚನೆ ಬಂದದ್ದು 2000ದಲ್ಲಿ. ಎಸ್. ಎಂ. ಕೃಷ್ಣ ಮುಖ್ಯಮಂತ್ರಿ. ನಂದನ್ ನಿಲೇಕಣಿ ಅವರ ಅಧ್ಯಕ್ಷತೆಯ 'ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್' ಹಿಂದಿನ ವರ್ಷವಷ್ಟೇ ಹುಟ್ಟಿತ್ತು. ಆಗ ಬಂದದ್ದು ಸ್ವಯಂ ತೆರಿಗೆ ನಿರ್ಧಾರ ಪದ್ಧತಿ. ಊರನ್ನು ಎ ಯಿಂದ ಎಫ್ ತನಕ ಆರು ವಲಯ ಮಾಡಿದರು. ವಲಯ, ಕಟ್ಟಡದ ಬಗೆ, ವಿಸ್ತೀರ್ಣ, ವಯಸ್ಸು, ಬಳಕೆ ಇವಿಷ್ಟು ಗೊತ್ತಿದ್ದರೆ ಸಾಕು. ಕಾಯ್ದೆಯಲ್ಲಿ ಇನ್ನೂ ಬಾಡಿಗೆ ಮೌಲ್ಯವೇ ಇದ್ದುದರಿಂದ ಇದನ್ನು ಐಚ್ಛಿಕ ಮಾಡಿದ್ದರು. ಬೇಕಾದವರು ಬರಬಹುದು, ಬೇಡದವರು ಹಳೆಯದರಲ್ಲೇ ಇರಬಹುದು.

ಮತ್ತೆ ನಮ್ಮ ಮನೆಯ ಆ ಭಾನುವಾರಕ್ಕೆ ಬರುತ್ತೇನೆ. ಅಳತೆ ಮುಗಿದ ಮೇಲೆ ಅಮ್ಮ ಪೆನ್ನು ಹಿಡಿದು ತುಂಬಾ ಹೊತ್ತು ಸುಮ್ಮನೆ ಕೂತಿದ್ದರು. ಹಿಂದಿನ ರೂಮನ್ನು ಬಾಡಿಗೆಗೆ ಕೊಟ್ಟಿರುವುದನ್ನು ಬರೆಯಬೇಕೋ ಬೇಡವೋ ಎನ್ನುವುದೇ ಅವರ ಯೋಚನೆ. ಬರೆದರೆ ಕಂದಾಯ ಜಾಸ್ತಿ, ಬರೆಯದಿದ್ದರೆ ಕೇಳುವವರು ಯಾರೂ ಇಲ್ಲ. ಮೇಷ್ಟ್ರು ಅದನ್ನು "ಬಿಟ್ಬಿಡಿ" ಅಂದಿದ್ದರು. ಪೆನ್ಷನ್ ಹಣದಲ್ಲಿ ನನ್ನ ಸ್ಕೂಲ್ ಫೀಸು ಸೇರಿದಂತೆ ಎಲ್ಲ ನಡೆಯಬೇಕಾಗಿದ್ದ ಮನೆ ಅದು, ಆ ವ್ಯತ್ಯಾಸವೂ ನಮಗೆ ಸಣ್ಣದಾಗಿರಲಿಲ್ಲ.

ಕೊನೆಗೆ ಅಮ್ಮ ಬರೆದರು. ಯಾಕೆಂದು ಬಹಳ ವರ್ಷಗಳ ನಂತರ ಕೇಳಿದೆ. "ಜಾಸ್ತಿ ಆಗುತ್ತೆ ಅಂತ ಗೊತ್ತಿದ್ರೆ ಹೊಂದಿಸ್ಕೋಬಹುದು ಕಣೆ. ಯಾವತ್ತು ಯಾರು ಬಂದು ಏನು ಕೇಳ್ತಾರೋ ಅನ್ನೋದನ್ನ ಹೊಂದಿಸ್ಕೊಳ್ಳೋಕೆ ಆಗಲ್ಲ" ಅಂದರು. ಎಂಟೆಕ್ ಮಾಡಿದ ನನಗೆ ಈ ವಿಷಯದ ಬಗ್ಗೆ ಇದಕ್ಕಿಂತ ಚೆನ್ನಾಗಿ ಹೇಳಲು ಇವತ್ತಿಗೂ ಬಂದಿಲ್ಲ.

ಆ ವರ್ಷದ ನಮೂನೆಯ ನಕಲನ್ನೂ ರಸೀದಿಯನ್ನೂ ಅಮ್ಮ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಇಟ್ಟರು. ಆಮೇಲೆ ಪ್ರತಿ ವರ್ಷದ್ದೂ ಅದೇ ಫೈಲಿಗೆ ಸೇರುತ್ತಾ ಬಂತು.

ದೆಹಲಿಯ ಸೂತ್ರ, ಹೆಂಗಸರ ಪಾಲು

ದೆಹಲಿ ನಗರಪಾಲಿಕೆ 2004ರ ಏಪ್ರಿಲ್ 1ರಿಂದ ಯೂನಿಟ್ ಏರಿಯಾ ಪದ್ಧತಿಗೆ ಬಂತು. ಇಲ್ಲಿ ಐಚ್ಛಿಕ ಎಂಬ ಮಾತಿಲ್ಲ, ಅದಕ್ಕೆಂದೇ ಕಾಯ್ದೆಯನ್ನು ತಿದ್ದಿದರು. ಕಾಲೊನಿಗಳನ್ನು ಎ ಯಿಂದ ಎಚ್ ತನಕ ಎಂಟು ವರ್ಗ ಮಾಡಿದರು. ಒಂದು ಚದರ ಮೀಟರಿಗೆ ಎ ವರ್ಗದಲ್ಲಿ 630 ರೂಪಾಯಿ, ಡಿ ವರ್ಗದಲ್ಲಿ 320, ಎಚ್ ವರ್ಗದಲ್ಲಿ 100, ಹೀಗೆ ಮೌಲ್ಯ ನಿಗದಿಯಾಯಿತು. ಅದನ್ನು ಕಟ್ಟಡದ ವಿಸ್ತೀರ್ಣದಿಂದ ಗುಣಿಸಿ, ಆಮೇಲೆ ಕಟ್ಟಡದ ವಯಸ್ಸು, ಬಗೆ, ಬಳಕೆ, ಸ್ವಂತ ವಾಸವೋ ಬಾಡಿಗೆಯೋ ಎಂಬ ಅಂಶಗಳಿಂದ ಗುಣಿಸಬೇಕು.

ಉದಾಹರಣೆಗೆ ಡಿ ವರ್ಗದ ಕಾಲೊನಿಯಲ್ಲಿ, ತೊಂಬತ್ತರ ದಶಕದಲ್ಲಿ ಕಟ್ಟಿದ 90 ಚದರ ಮೀಟರಿನ ಪಕ್ಕಾ ಫ್ಲಾಟ್, ಸ್ವಂತ ವಾಸ ಎಂದುಕೊಳ್ಳಿ. 320ನ್ನು 90ರಿಂದ ಗುಣಿಸಿದರೆ 28,800. ಆ ದಶಕದ ಕಟ್ಟಡಕ್ಕೆ ವಯಸ್ಸಿನ ಅಂಶ 0.9. ಉಳಿದ ಅಂಶಗಳು 1. ಹಾಗಾಗಿ ವಾರ್ಷಿಕ ಮೌಲ್ಯ 25,920 ರೂಪಾಯಿ. ತೆರಿಗೆ ದರವನ್ನು ಪಾಲಿಕೆ ಪ್ರಕಟಿಸುತ್ತದೆ. ಲೆಕ್ಕಕ್ಕೆ ಶೇ. 10 ಎಂದು ಹಿಡಿದರೆ 2,592 ರೂಪಾಯಿ ತೆರಿಗೆ.

ಈಗ ನಮಗೆ ಸಂಬಂಧಪಟ್ಟ ಭಾಗ. ಮನೆ ಹೆಂಗಸಿನ ಹೆಸರಿನಲ್ಲಿದ್ದು, ಅವಳೇ ವಾಸವಾಗಿದ್ದರೆ, ಒಂದು ಮನೆಗೆ, 200 ಚದರ ಮೀಟರ್ ವಿಸ್ತೀರ್ಣದವರೆಗೆ ಶೇ. 30 ರಿಯಾಯಿತಿ ಇದೆ. ಮೇಲಿನ ಲೆಕ್ಕದಲ್ಲಿ ಸುಮಾರು 778 ರೂಪಾಯಿ ಉಳಿತಾಯ. ಹಿರಿಯ ನಾಗರಿಕರಿಗೆ, ಅಂಗವಿಕಲರಿಗೆ, ಮಾಜಿ ಸೈನಿಕರಿಗೂ ಈ ರಿಯಾಯಿತಿ ಉಂಟು. ಜಂಟಿ ಒಡೆತನವಿದ್ದರೆ ಅವಳ ಪಾಲಿನಷ್ಟಕ್ಕೆ ಮಾತ್ರ.

ಫ್ಲಾಟ್ ಕೊಳ್ಳುವಾಗ ನಮ್ಮ ಮನೆಯಲ್ಲಿ ಯಾರ ಹೆಸರಿನಲ್ಲಿ ಎಂಬ ಮಾತು ಬಂತು. ರಿಜಿಸ್ಟ್ರೇಷನ್ ಸಮಯದ ಸ್ಟ್ಯಾಂಪ್ ಡ್ಯೂಟಿಯೂ ದೆಹಲಿಯಲ್ಲಿ ಹೆಂಗಸರಿಗೆ ಕಡಿಮೆ. "ನಿನ್ನ ಹೆಸರಲ್ಲೇ ಆಗ್ಲಿ ಬಿಡು, ಉಳಿತಾಯ ಆಗುತ್ತೆ" ಎಂದು ನಮ್ಮವರು ನಗುತ್ತಾ ಹೇಳಿದರು. ಉಳಿತಾಯಕ್ಕೆಂದೇ ಆಗಿರಲಿ, ಕಾಗದದಲ್ಲಿ ನನ್ನ ಹೆಸರು ಬಂತು. ನಮ್ಮಮ್ಮನ ಮನೆಯ ಖಾತೆ ಅಪ್ಪನ ಹೆಸರಿನಿಂದ ಅವರ ಹೆಸರಿಗೆ ಬರಲು ಅವರು ಎಷ್ಟು ಸಲ ಓಡಾಡಿದ್ದರು ಎಂದು ನೆನಪಾಗಿ, ಆ ಕಾಗದವನ್ನು ಎರಡು ಸಲ ಓದಿದೆ.

ಸೂತ್ರ ಬಂದ ಮೇಲೂ ಮುಗಿಯದ ಜಗಳ

ಸೂತ್ರ ಬಂದರೆ ಎಲ್ಲ ಸರಿಹೋಯಿತೇ? ಇಲ್ಲ. ಸೂತ್ರದ ಒಳಗೆ ಏನು ಹಾಕುತ್ತಾರೆ, ಯಾವಾಗ ಬದಲಿಸುತ್ತಾರೆ ಎಂಬ ಪ್ರಶ್ನೆಗಳು ಉಳಿದವು.

ನಮ್ಮ ನೆರೆಯ ನವದೆಹಲಿ ಪ್ರದೇಶದಲ್ಲಿ, ಅಂದರೆ ಎನ್‌ಡಿಎಂಸಿ ವ್ಯಾಪ್ತಿಯಲ್ಲಿ, 2009ರಲ್ಲಿ ಉಪವಿಧಿಗಳ ಮೂಲಕ ಇದೇ ಬಗೆಯ ಪದ್ಧತಿ ಬಂತು. ಆದರೆ ಮೂಲ ಕಾಯ್ದೆಯಲ್ಲಿ ಬಾಡಿಗೆ ಮೌಲ್ಯವೇ ಉಳಿದಿತ್ತು. ಅಲ್ಲಿನ ನಾಗರಿಕರ ಸಂಘ ಪ್ರಶ್ನಿಸಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಉಪವಿಧಿಗಳು ಕಾಯ್ದೆಯನ್ನು ಮೀರಿವೆ ಎಂದು ಹೇಳಿತು. ಪದ್ಧತಿ ಒಳ್ಳೆಯದಿದ್ದರೂ ಅದನ್ನು ಶಾಸನಸಭೆಯ ಬಾಗಿಲಿನಿಂದಲೇ ತರಬೇಕು ಎಂಬ ಪಾಠ ಅದು.

ಮುಂಬೈ 2010ರಿಂದ ಬಂಡವಾಳ ಮೌಲ್ಯದ ಪದ್ಧತಿಗೆ ಹೋಯಿತು. ಅಂದರೆ ಬಾಡಿಗೆಗೆ ಬದಲು ಆಸ್ತಿಯ ಬೆಲೆಯೇ ಆಧಾರ. ಖಾಲಿ ಜಾಗದಲ್ಲಿ ಮುಂದೆ ಎಷ್ಟು ಕಟ್ಟಬಹುದು ಎಂಬ ಸಾಧ್ಯತೆಯನ್ನೂ ನಿಯಮಗಳು ಲೆಕ್ಕಕ್ಕೆ ಹಿಡಿದಿದ್ದವು. ಆಸ್ತಿ ಮಾಲೀಕರ ಸಂಘ ಕೋರ್ಟಿಗೆ ಹೋಯಿತು. ಈಗ ಇರುವುದಕ್ಕೆ ಮಾತ್ರ ತೆರಿಗೆ, ಮುಂದೆ ಆಗಬಹುದಾದದ್ದಕ್ಕಲ್ಲ ಎಂದು 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ 500 ಚದರ ಅಡಿವರೆಗಿನ ಮನೆಗಳಿಗೆ ಅಲ್ಲಿ ತೆರಿಗೆ ವಿನಾಯಿತಿಯೂ ಬಂತು.

ಪುಣೆಯದು ಇನ್ನೊಂದು ಬಗೆ. ಸ್ವಂತ ವಾಸದ ಮನೆಗಳಿಗೆ 1970ರಿಂದ ಶೇ. 40 ರಿಯಾಯಿತಿ ಇತ್ತು. ಹೊಸ ಮನೆಗಳಿಗೆ 2019ರಿಂದ ಅದು ನಿಂತಾಗ ಜನ ಬೀದಿಗಿಳಿದರು, ಮನವಿ ಕೊಟ್ಟರು. 2023ರಲ್ಲಿ ಸರಕಾರ ಅದನ್ನು ಮರಳಿ ಕೊಟ್ಟಿತು. ಆದರೆ ಇಲ್ಲಿ ನಾವೇ ಇದ್ದೇವೆ ಎಂದು ಒಂದು ಅರ್ಜಿ ತುಂಬಿ ಸಾಬೀತು ಮಾಡಬೇಕಾಯಿತು.

ಇನ್ನು ಬೆಂಗಳೂರು. 2008ರಲ್ಲಿ ಅಲ್ಲೂ ಯೂನಿಟ್ ಏರಿಯಾ ಪದ್ಧತಿ ಎಲ್ಲರಿಗೂ ಅನ್ವಯವಾಯಿತು. ಮೂರು ವರ್ಷಕ್ಕೊಮ್ಮೆ ಪರಿಷ್ಕರಣೆ ಆಗಬೇಕಿದ್ದರೂ ಆದದ್ದು 2016ರಲ್ಲಿ. ಆಗ ಎಷ್ಟೋ ಬೀದಿಗಳ ವಲಯ ಬದಲಾಯಿತು. ಹಳೆಯ ವಲಯದ ಲೆಕ್ಕದಲ್ಲೇ ಕಟ್ಟುತ್ತಾ ಬಂದ ಸಾವಿರಾರು ಮಂದಿಗೆ ಕೆಲವು ವರ್ಷಗಳ ನಂತರ ವ್ಯತ್ಯಾಸದ ಮೊತ್ತ, ದಂಡ, ಬಡ್ಡಿ ಸೇರಿಸಿ ನೋಟಿಸ್ ಬಂದವು. ಬಹಳ ಕೂಗಾಟದ ನಂತರ 2024ರಲ್ಲಿ ದಂಡ ಕಡಿಮೆ ಮಾಡಿ, ಒಂದು ಬಾರಿಯ ಇತ್ಯರ್ಥಕ್ಕೆ ಅವಕಾಶ ಕೊಟ್ಟರು. ಇಲ್ಲಿ ಜನರ ಆಕ್ಷೇಪ ತೆರಿಗೆಯ ಮೇಲಿರಲಿಲ್ಲ. "ಮೊದಲೇ ಹೇಳಿದ್ದರೆ ಮೊದಲೇ ಕಟ್ಟುತ್ತಿದ್ದೆವು" ಎನ್ನುವುದಷ್ಟೇ ಅವರ ಮಾತು.

ಎರಡೂ ಕಡೆಯ ಮಾತು

ಇಷ್ಟು ಓದಿದ ಮೇಲೆ ತೆರಿಗೆ ಕಡಿಮೆಯಾದರೆ ಸಾಕು ಎಂದು ಹೇಳಲು ನನಗೆ ಮನಸ್ಸಾಗುವುದಿಲ್ಲ. ಕಸ ಎತ್ತುವುದು, ಬೀದಿ ದೀಪ, ಚರಂಡಿ, ಪಾಲಿಕೆಯ ಶಾಲೆ ಎಲ್ಲಕ್ಕೂ ಈ ಹಣವೇ ಬೇಕು. ತೆರಿಗೆಯನ್ನು ಎಷ್ಟೋ ವರ್ಷ ಮುಟ್ಟದೆ ಬಿಟ್ಟು, ಒಂದು ದಿನ ಒಮ್ಮೆಲೇ ಏರಿಸುವುದರಲ್ಲೂ ಅನ್ಯಾಯವಿದೆ. 1940ಕ್ಕೆ ಕಟ್ಟಿಹಾಕಿದ ಮುಂಬೈನ ಬಾಡಿಗೆ ಅದನ್ನೇ ತೋರಿಸಿದೆ. ಸ್ವಲ್ಪ ಸ್ವಲ್ಪವಾಗಿ, ಮೊದಲೇ ಹೇಳಿ, ಎಲ್ಲರಿಗೂ ಒಂದೇ ಸೂತ್ರದಲ್ಲಿ ಏರಿಸಿದರೆ ಜನ ಕಟ್ಟುತ್ತಾರೆ. ಹಿಂದಿನ ರೂಮನ್ನು ಬರೆದುಕೊಟ್ಟ ನಮ್ಮಮ್ಮ ಕಟ್ಟಿದರಲ್ಲ!

ನಮ್ಮ ಸಂಘದ ಸೋದರಿಯರಲ್ಲಿ ನನ್ನ ಕೋರಿಕೆ ಇಷ್ಟೇ. ಈ ವರ್ಷ ನಿಮ್ಮ ಮನೆಯ ತೆರಿಗೆಯನ್ನು ಒಮ್ಮೆ ನೀವೇ ಲೆಕ್ಕ ಹಾಕಿ ನೋಡಿ. ವರ್ಗ ಯಾವುದು, ವಿಸ್ತೀರ್ಣ ಸರಿಯಿದೆಯೇ, ಕಟ್ಟಡದ ವರ್ಷ ಸರಿಯಿದೆಯೇ, ನಿಮಗೆ ಸಿಗಬೇಕಾದ ರಿಯಾಯಿತಿ ಸಿಕ್ಕಿದೆಯೇ ಎಂದು ಪರಿಶೀಲಿಸಿ. ರಸೀದಿಗಳನ್ನು ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಜಾಗದಲ್ಲಿ ಇಡಿ. ತೆರಿಗೆ ರಸೀದಿ ಒಡೆತನದ ಪತ್ರವಲ್ಲ ಎಂಬುದೂ ನೆನಪಿರಲಿ. ಕ್ರಯಪತ್ರದಲ್ಲಿ, ಖಾತೆಯಲ್ಲಿ ಯಾರ ಹೆಸರಿದೆ ಎಂದು ಕೇಳಲು ಸಂಕೋಚ ಬೇಡ. ಊರಿನಲ್ಲಿ ಒಂಟಿಯಾಗಿರುವ ತಾಯಿ, ಅತ್ತೆ, ಚಿಕ್ಕಮ್ಮ ಇದ್ದರೆ ಮುಂದಿನ ರಜೆಯಲ್ಲಿ ಹೋದಾಗ ಅವರ ಕಾಗದಪತ್ರಗಳನ್ನೂ ಒಮ್ಮೆ ನೋಡಿಕೊಡಿ.

ಕಳೆದ ಏಪ್ರಿಲ್‌ನಲ್ಲಿ ಅಮ್ಮನ ಮನೆಯ ಕಂದಾಯವನ್ನು ದೆಹಲಿಯಿಂದಲೇ ಆನ್‌ಲೈನಿನಲ್ಲಿ ಕಟ್ಟಿ ಫೋನ್ ಮಾಡಿದೆ. ಮೊತ್ತ ಹೇಳಿದೆ. "ಇರು" ಎಂದು ಫೋನ್ ಕೆಳಗಿಟ್ಟು ಹೋದರು. ಎರಡು ನಿಮಿಷ ಕಳೆದು ಬಂದು, "ಸರಿಯಾಗಿದೆ, ನಾನು ಹಾಕಿದ್ದೂ ಅಷ್ಟೇ ಬಂದಿತ್ತು" ಅಂದರು. ಎಪ್ಪತ್ತೆರಡರ ಅಮ್ಮ ನನಗಿಂತ ಮೊದಲೇ ಲೆಕ್ಕ ಹಾಕಿ ಆ ಫೈಲಿನಲ್ಲಿ ಚೀಟಿ ಇಟ್ಟಿದ್ದರು.